ಹದಿಮೂರರಲ್ಲಿ ಹೋಗುವ ನಂಬರು

ಯಾರಾದರೂ ಹೊಸ ಮೊಬೈಲ್ ನಂಬರ್ ಹೇಳಿದರೆ ಸಾಕು, ನಮ್ಮ ನೆರೆಯವರು ಮಾತು ನಿಲ್ಲಿಸಿ, ತೊಡೆಯ ಮೇಲೆ ಬೆರಳು ಬಡಿಯುತ್ತ ಆ ಹತ್ತಂಕಿಯ ಸಂಖ್ಯೆಯನ್ನು ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಲು ಕೂರುತ್ತಿದ್ದರು. ಶೇಷ ಉಳಿಯದಿದ್ದರೆ, "ಏಳರಲ್ಲಿ ಹೋಯ್ತು ಮಾರಾಯ!" ಎಂದು ಹಿಗ್ಗುತ್ತಿದ್ದರು. ಆಮೇಲೆ ನಂಬರನ್ನೇ ಮರೆತುಬಿಡುತ್ತಿದ್ದರು. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ ಎಂದರೆ, "ಅಡಿಕೆ ಸುಲಿದ ಮೇಲೆ ಸಿಪ್ಪೆ ಯಾಕೆ?" ಎನ್ನುತ್ತಿದ್ದರು. ಅವರನ್ನು ಊರ ತುಂಬ ಆಡಿಕೊಂಡು ನಕ್ಕವನು ನಾನು.

ಕಳೆದ ವರ್ಷ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಎದೆನೋವು ಬಂದು ಕುಸಿದೆ. ನನ್ನ ಫೋನಿನ ಚಾರ್ಜ್ ಮುಗಿದಿತ್ತು. ಆಸ್ಪತ್ರೆಗೆ ಒಯ್ಯಲು ಬಂದ ಆಟೋದವನು ತನ್ನ ಫೋನ್ ತೆಗೆದು, ಮನೆಗೆ ತಿಳಿಸಲು ನಂಬರ್ ಕೇಳಿದ.

ಜೊತೆಗಿದ್ದ ನೆರೆಯವರು ಕೂಗಿದರು: "ಇವರ ಹೆಂಡತಿದು ನಂಗೊತ್ತು! ಹದಿಮೂರರಲ್ಲಿ ಹೋಗ್ತದೆ. ಹನ್ನೊಂದರಲ್ಲಿ ಎರಡು ಉಳೀತದೆ!"

"ಅದನ್ನ ಎಲ್ಲಿ ಒತ್ತೋದು ಮಾರಾಯ್ರೆ? ನಂಬರ್ ಹೇಳಿ."

"ನಂಬರ್ ಇವರಿಗೆ ಗೊತ್ತಿರ್ತದೆ. ಗಂಡ ಅಲ್ವಾ?"

ಇಬ್ಬರೂ ನನ್ನತ್ತ ಬಗ್ಗಿದರು. ನಲವತ್ತು ವರ್ಷದ ಸಂಸಾರ. ಮೊದಲ ಅಂಕಿ ಒಂಬತ್ತು ಇರಬೇಕು ಅನ್ನಿಸಿತು, ಅದೂ ಖಚಿತವಿರಲಿಲ್ಲ.

ನೋವು ಜಾಸ್ತಿಯಾದವನಂತೆ ನರಳಿ ಕಣ್ಣು ಮುಚ್ಚಿಕೊಂಡೆ.