ಮೆಟ್ಟಿಲಲ್ಲಿ ಸಿಕ್ಕಿಕೊಂಡ ಬೀರು

ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಇಸ್ತ್ರಿ ಕೋಣೆಯಲ್ಲಿ ಐದು ಇಸ್ತ್ರಿಪೆಟ್ಟಿಗೆಗಳು ಹಬೆ ಬಿಡುತ್ತ ಓಡಾಡುತ್ತಿವೆ. ಆರನೆಯದು ತಣ್ಣಗೆ ಕೂತಿದೆ. ಅದರ ಒಡತಿ ಮಗುಚಿ ಹಾಕಿದ ಕ್ರೇಟಿನ ಮೇಲೆ ನಿಂತು, ಟ್ಯೂಬ್‌ಲೈಟಿನ ಬೆಳಕಿಗೆ ಪುಸ್ತಕ ಎತ್ತಿ ಹಿಡಿದು ಓದುತ್ತಿದ್ದಾರೆ.

ಕಥೆಯಲ್ಲಿ ಒಂದು ದೊಡ್ಡ ಬೀರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿದೆ. ನಾಯಕಿ ಮನೆ ಸಾಮಾನು ಸಾಗಿಸುವ ಲಾರಿ ಓಡಿಸುವವಳು. ನಾಯಕ ನಿಶ್ಚಯವಾದ ಮದುವೆ ಮುರಿದುಬಿದ್ದು ಮನೆ ಖಾಲಿ ಮಾಡುತ್ತಿರುವವನು. ಬೀರು ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಇಬ್ಬರೂ ಅದರ ಮೇಲ್ಬದಿಯಲ್ಲೇ ಉಳಿದುಬಿಟ್ಟಿದ್ದಾರೆ, ಇಳಿಯಲು ದಾರಿಯಿಲ್ಲ. ಜಗಳವಾಡಿ ಸುಸ್ತಾಗಿ ಒಂದೇ ಮೆಟ್ಟಿಲ ಮೇಲೆ ಕೂತಿದ್ದಾರೆ. ಅವನು ಗಂಟಲು ಸರಿ ಮಾಡಿಕೊಂಡು, "ನಿಮಗೊಂದು ಮಾತು ಹೇಳಬೇಕು" ಎನ್ನುತ್ತಾನೆ.

"ಹೇಳ್ತಾನೆ ನೋಡು, ಹಸಿವಾಗ್ತಿದೆ ಅಂತ," ಎನ್ನುತ್ತಾರೆ ಬಟ್ಟೆ ಮಡಚುತ್ತಿದ್ದ ಹಿರಿಯ ಹೆಂಗಸು. ಅವರನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವುದು.

"ಸುಮ್ನಿರಿ ದೊಡ್ಡಮ್ಮ. ನಿಮ್ಮ ಯಜಮಾನ್ರು ಹಾಗೆ ಹೇಳಿದ್ರು ಅಂತ ಎಲ್ಲಾ ಗಂಡಸ್ರೂ ಹಾಗೇನಾ?" ಎನ್ನುತ್ತಾರೆ ಇಸ್ತ್ರಿ ಹಾಕುತ್ತಿದ್ದ ಒಬ್ಬರು.

"ಅವರು ಅದನ್ನೂ ಹೇಳಲಿಲ್ಲ ಕಣೇ. ತಟ್ಟೆ ತೋರಿಸಿದ್ರು."

ಎಲ್ಲರ ನಗೆಯ ನಡುವೆಯೇ ಬಾಗಿಲು ತೆರೆಯುತ್ತದೆ. ಒಳಗೆ ಬಂದ ಮ್ಯಾನೇಜರ್ ಯಾರನ್ನೂ ನೋಡುವುದಿಲ್ಲ. ಕ್ರೇಟಿನ ಹತ್ತಿರ ಬಂದು ಕೈ ಚಾಚಿ, ಮಕ್ಕಳ ಕೈಯಿಂದ ಚಾಕು ಕಿತ್ತುಕೊಳ್ಳುವ ಹಾಗೆ ಪುಸ್ತಕ ಕಿತ್ತುಕೊಳ್ಳುತ್ತಾರೆ. "ಇವತ್ತಿಂದ ಈ ಕಸ ಬಂದ್," ಎನ್ನುತ್ತಾರೆ. ಹೋಗುತ್ತಾರೆ. ಇಸ್ತ್ರಿಪೆಟ್ಟಿಗೆಗಳು ಇಟ್ಟಲ್ಲೇ ನಿಂತಿವೆ. ಒಂದು ಹಾಸಿಗೆಯ ಹೊದಿಕೆ ಸೀದ ವಾಸನೆ ಬಂದಮೇಲೆಯೇ ಎಲ್ಲರಿಗೂ ಎಚ್ಚರ.

ನಾನು ಪತ್ರಿಕೆಗೆ ಬರೆಯಲು ಹೋಗಿದ್ದು ಬೇರೆಯದೇ ಲೇಖನ. ಕೆಲಸದ ನಡುವೆ ಓದಿ ಹೇಳುವ ಹೆಂಗಸೊಬ್ಬರಿದ್ದಾರಂತೆ, ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದುಕೊಂಡಿದ್ದೆ. ಶಾಲೆಗೆ ರಜೆ, ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ್ದರಿಂದ ಎಂಟು ವರ್ಷದ ಮಗಳೂ ಜೊತೆಗಿದ್ದಳು. ಒಗೆದ ಬಟ್ಟೆಯ ಬಿಸಿ ಗಂಟಿನ ಮೇಲೆ ನಿದ್ದೆಗಣ್ಣಲ್ಲಿ ಕೂತಿದ್ದವಳು, ಬೀರು ಸಿಕ್ಕಿಕೊಳ್ಳುವ ಹೊತ್ತಿಗೆ ಪೂರ್ತಿ ಎಚ್ಚರವಾಗಿದ್ದಳು. ಪುಸ್ತಕ ಹೋದಮೇಲೂ ಅವಳ ಬಾಯಿ ಅರ್ಧ ತೆರೆದೇ ಇತ್ತು. ಮನಸ್ಸಿನಲ್ಲಿರುವುದನ್ನು ತಟ್ಟನೆ ಕೇಳುವ ಮಗು ಅವಳಲ್ಲ. ಪೆಪ್ಪರಮೆಂಟಿನ ಹಾಗೆ ಪ್ರಶ್ನೆಯನ್ನು ಕೆನ್ನೆಯಲ್ಲಿಟ್ಟುಕೊಂಡು ದಿನಗಟ್ಟಲೆ ಓಡಾಡುತ್ತಾಳೆ. ನಾನೂ ಕೆದಕುವುದಿಲ್ಲ.

ಕ್ರೇಟಿನ ಮೇಲಿದ್ದವರಿಗೆ ಅಲ್ಲಿಯವರು ಇಟ್ಟ ಹೆಸರು ಓದಕ್ಕ. ವಯಸ್ಸು ನಲವತ್ತಾರು. ಎಡ ಮುಂಗೈ ಮೇಲೆ ಹಬೆ ಸುಟ್ಟ ಕಲೆಗಳು, ಬಲಗೈ ಹೆಬ್ಬೆರಳಿಗೆ ಸದಾ ಒಂದು ಬಟ್ಟೆ ಸುತ್ತು. ಆ ಕೋಣೆಯಿಂದ ದಿನವೂ ಎಂಟುನೂರರಷ್ಟು ಹೊದಿಕೆಗಳು ವಾರ್ಡುಗಳಿಗೆ ಹೋಗುತ್ತವೆ. ದಿಂಬಿನ ಚೀಲ, ರೋಗಿಗಳ ಅಂಗಿ ಬೇರೆ. ಲೆಕ್ಕ ಇಡುವುದು ಇಡೀ ಕೋಣೆಗೆ, ತಲೆಗಿಷ್ಟು ಎಂದಲ್ಲ. ಆದ್ದರಿಂದ ಇವರು ತಮ್ಮತಮ್ಮಲ್ಲೇ ಒಂದು ಕ್ರಮ ಮಾಡಿಕೊಂಡಿದ್ದರು. ಓದುವಷ್ಟು ಹೊತ್ತು ಓದಕ್ಕನ ಪಾಲಿನ ಬಟ್ಟೆಯನ್ನು ಉಳಿದ ನಾಲ್ವರು ಇಸ್ತ್ರಿ ಹಾಕುವುದು, ದೊಡ್ಡಮ್ಮ ಮಡಚುವುದು. ಐದನೆಯ ಪೆಟ್ಟಿಗೆ ಹೊಸದಾಗಿ ಸೇರಿದ ಹುಡುಗಿಯದು, ಅವಳು ಕಲಿಯುವವಳು, ಅವಳಿಗೆ ಈ ಪಾಲು ಇಲ್ಲ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಈ ಹನ್ನೊಂದು ವರ್ಷದಲ್ಲಿ ಹೊದಿಕೆ ಇಲ್ಲದೆ ಒಂದು ಮಂಚವೂ ಕಾದಿಲ್ಲ. ಮ್ಯಾನೇಜರ್ ಕೂಡ ಅದನ್ನು ಅಲ್ಲಗಳೆಯಲಿಲ್ಲ.

ಓದುವುದು ಒಂದೇ ಬಗೆಯ ಪುಸ್ತಕ. ಹುಡುಗ, ಹುಡುಗಿ, ಜಗಳ, ಎಡವಟ್ಟು, ಮದುವೆ. ರಸ್ತೆಬದಿಯ ತಳ್ಳುಗಾಡಿಯಿಂದ ತಂದವು, ರಟ್ಟು ಹೋದವು.

"ಮೊದಲನೇ ಪುಟದಲ್ಲೇ ಗೊತ್ತಾಗುತ್ತಲ್ಲ, ಇವರಿಬ್ಬರೂ ಮದುವೆ ಆಗ್ತಾರೆ ಅಂತ. ಮತ್ತೆ ಯಾಕೆ ಓದ್ತೀರಿ?" ಎಂದು ಕೇಳಿದೆ.

"ಈ ಹೊದಿಕೆ ಬೆಳ್ಳಗಾಗುತ್ತೆ ಅಂತಾನೂ ಗೊತ್ತು," ಎಂದರು. "ಆದ್ರೂ ಕಲೆ ಹ್ಯಾಗೆ ಹೋಗುತ್ತೆ ಅಂತ ನೋಡ್ತೀವಲ್ಲ. ಇದೂ ಹಾಗೇ. ಅವನ ಜಂಬ ಹ್ಯಾಗೆ ಹೋಗುತ್ತೆ, ಇವಳ ಭಯ ಹ್ಯಾಗೆ ಹೋಗುತ್ತೆ, ಅದು ನೋಡೋದು."

ಅವರಿಗೆ ಖಚಿತವಾದ ಇಷ್ಟಾನಿಷ್ಟಗಳಿವೆ. ನಾಯಕ ತೀರಾ ಶ್ರೀಮಂತನಾದರೆ ಆಗದು. "ಅವನಿಗೆ ಕಷ್ಟ ಬಂದ್ರೆ ನಗೋಕೂ ಆಗಲ್ಲ, ಅಳೋಕೂ ಆಗಲ್ಲ. ದುಡ್ಡು ಬಿಸಾಕಿ ಎದ್ದು ಹೋಗ್ತಾನೆ." ನಾಯಕಿ ಕನ್ನಡಕ ತೆಗೆದ ಕೂಡಲೇ ಸುಂದರಿಯಾಗುವ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. "ಕನ್ನಡಕ ತೆಗೆದ್ರೆ ಅವಳಿಗೆ ಅವನು ಕಾಣೋದು ಹ್ಯಾಗೆ? ಅದಕ್ಕೇ ಒಪ್ಪಿರ್ಬೇಕು." ಇಬ್ಬರೂ ತಪ್ಪಿ ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿಯುವ ಕಥೆಗಳೆಂದರೆ ಪ್ರಾಣ. ಕ್ಷಮೆ ಕೇಳುವ ದೃಶ್ಯವನ್ನು ಎರಡು ಸಲ ಓದಬೇಕೆಂಬುದು ಕೋಣೆಯ ನಿಯಮ. "ಮನೇಲಿ ಯಾರ ಬಾಯಿಂದಲೂ ಕೇಳಿರಲ್ಲ. ಎರಡು ಸಲ ಕೇಳ್ಕೊಳ್ಳಿ ಪಾಪ."

ಇನ್ನೊಂದು ನಿಯಮವಿದೆ. ಓದಕ್ಕ ಮುಂದಿನ ಪುಟವನ್ನು ಮನೆಯಲ್ಲಿ ಒಬ್ಬರೇ ಕೂತು ಓದುವಂತಿಲ್ಲ. ಎಲ್ಲರಿಗೂ ಒಟ್ಟಿಗೇ ಗೊತ್ತಾಗಬೇಕು. ತಳ್ಳುಗಾಡಿ ಪುಸ್ತಕಗಳಲ್ಲಿ ಎಷ್ಟೋ ಸಲ ಕೊನೆಯ ಹಾಳೆಗಳೇ ಇರುವುದಿಲ್ಲ. ಆಗ ಅವರು ನಿಲ್ಲಿಸುವುದಿಲ್ಲ. ಇಲ್ಲದ ಪುಟವನ್ನು ಮಗುಚುತ್ತ, ದನಿ ಬದಲಿಸದೆ, ಕಥೆಯನ್ನು ತಾವೇ ಮುಗಿಸುತ್ತಾರೆ.

"ನಮಗೇನು ಗೊತ್ತಾಗಲ್ವಾ?" ಎಂದರು ದೊಡ್ಡಮ್ಮ. "ಕೊನೇಲಿ ಗಂಡು ಪಾತ್ರೆ ತೊಳೆದ್ರೆ ಅದು ಪುಸ್ತಕದ್ದಲ್ಲ, ಇವಳದ್ದು. ಅದೇ ಚೆನ್ನಾಗಿರುತ್ತೆ."

ಓದಕ್ಕ ಶಾಲೆ ಬಿಟ್ಟಿದ್ದು ಏಳನೆಯ ತರಗತಿಯಲ್ಲಿ, ತಮ್ಮ-ತಂಗಿಯರನ್ನು ನೋಡಿಕೊಳ್ಳಲು. ಮದುವೆಯಾದ ಮನೆಯಲ್ಲಿ ಓದುವುದೆಂದರೆ ಮೈಗಳ್ಳತನ. ಅತ್ತೆಯ ಬಾಯಿ ಜೋರು. ಆಮೇಲೆ ಅತ್ತೆಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಯಿತು, ಆಸ್ಪತ್ರೆ ಸೇರಿಸಿದರು. ಮಗ್ಗುಲು ಬದಲಿಸಿ, ಮೈ ಒರೆಸಿ, ಹೊತ್ತು ಹೋಗದೆ ಕೂತಿದ್ದಾಗ, ವಾರ್ಡಿನಲ್ಲಿ ಯಾರೋ ಬಿಟ್ಟುಹೋದ ಪುಸ್ತಕವೊಂದನ್ನು ಜೋರಾಗಿ ಓದಿದರಂತೆ. ಹೆಣ್ಣು ನೋಡಲು ಬಂದ ಪೆದ್ದ, ಮನೆ ತಪ್ಪಿ ಪಕ್ಕದ ಮನೆಯ ಅಜ್ಜಿಯನ್ನೇ ಒಪ್ಪಿಕೊಂಡು ಹೋಗುವ ಕಥೆ.

"ಅತ್ತೆ ನಕ್ಕಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. ಅರ್ಧ ಮುಖದಲ್ಲಿ ನಗೋರು. ಕಳೆದುಹೋದ ಮಾತಲ್ಲಿ ಒಂದೇ ಒಂದು ಪದ ವಾಪಸ್ ಬಂತು. ಅಧ್ಯಾಯ ಮುಗಿದ ಕೂಡಲೇ 'ಆಮೇಲೆ?' ಅನ್ನೋರು. ಹನ್ನೆರಡು ವರ್ಷ ಸಂಸಾರ ಮಾಡಿದೀನಿ ಅವರ ಜೊತೆ. ನನ್ನ ಹತ್ರ ಅವರು ಪ್ರೀತಿಯಿಂದ ಕೇಳಿದ್ದು ಅಂತ ಇದ್ರೆ ಅದೊಂದೇ."

ಇಂಥ ಕಸ ಬಂದ್ ಆಗಲು ಕಾರಣವೇನು? ದೊಡ್ಡಮ್ಮ ಬಟ್ಟೆ ಮಡಚುವುದು ಕಣ್ಣು ಮುಚ್ಚಿಕೊಂಡು. ಕಥೆ ಕಾಣಲು ಅದೇ ಅನುಕೂಲವಂತೆ. ಮೆಟ್ಟಿಲಿನ ಕಥೆ ಶುರುವಾಗುವ ಮೊದಲು ಬೇರೊಂದು ಪುಸ್ತಕ ಮುಗಿದಿತ್ತು. ಮದುವೆಯ ಅಧ್ಯಾಯ, ಎಲ್ಲರ ಕಣ್ಣೂ ಒದ್ದೆ. ಓದಕ್ಕ ಮೂಗು ಒರೆಸಿಕೊಳ್ಳಲು ಪುಸ್ತಕವನ್ನು ಪಕ್ಕದ ಹೊದಿಕೆಯ ಮೇಲಿಟ್ಟರು. ದೊಡ್ಡಮ್ಮ ಅದನ್ನೂ ಸೇರಿಸಿ ನೀಟಾಗಿ ಮಡಚಿಬಿಟ್ಟರು. ಹೊದಿಕೆ ಹೆಂಗಸರ ವಾರ್ಡಿಗೆ ಹೋಯಿತು. ಹೊಟ್ಟೆಗೆ ಹೊಲಿಗೆ ಬಿದ್ದ ಒಬ್ಬಾಕೆಯ ಕೈಗೆ ಪುಸ್ತಕ ಸಿಕ್ಕಿತು. ಆಕೆ ಓದಿದಳು, ನಕ್ಕಳು, ಹೊಲಿಗೆ ನೋವಾಗಿ ಅತ್ತಳು, ಮತ್ತೆ ನಕ್ಕಳು. ನರ್ಸಮ್ಮ ಕೇಳಿದರೆ ಮುಗಿಸದೆ ಕೊಡುವುದಿಲ್ಲ ಎಂದಳು. ಮೇಲಿನವರಿಗೆ ಹೋದ ದೂರು ಇಷ್ಟು: ರೋಗಿ ನಗುತ್ತಿದ್ದಾಳೆ.

ಪುಸ್ತಕ ಹೊದಿಕೆಯೊಳಗೆ ಹೋಗಬಾರದಿತ್ತು, ಒಪ್ಪುತ್ತೇನೆ. ಅವರೂ ಒಪ್ಪುತ್ತಾರೆ. ಇನ್ನು ಮುಂದೆ ಪುಸ್ತಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ ಎಂದು ಓದಕ್ಕ ಕೇಳಿಕೊಂಡರು. ಆಗಲಿಲ್ಲ. ಇದೇ ನೆಲಮಾಳಿಗೆಯಲ್ಲಿ, ಗೋಡೆಯ ಆಚೆ, ಬಾಯ್ಲರ್ ನೋಡಿಕೊಳ್ಳುವ ಗಂಡಸರ ರೇಡಿಯೊ ಬೆಳಗಿನಿಂದ ಸಂಜೆಯವರೆಗೆ ಬೊಬ್ಬೆ ಹೊಡೆಯುತ್ತದೆ. ಅದು ಕಸವಲ್ಲ. ಮ್ಯಾನೇಜರ್ ಕೋಣೆಯಲ್ಲಿ ನಾನು ಕಾಯುತ್ತ ಕೂತಾಗ ಅವರ ಫೋನಿನಲ್ಲಿ ಯಾವುದೋ ಊರಿನ ಚೆಂಡಾಟ ನಡೆಯುತ್ತಿತ್ತು. ಅದೂ ಕಸವಲ್ಲ. ಒಬ್ಬ ಚೆಂಡನ್ನು ಒದ್ದರೆ ಅದು ಲೋಕದ ವಿಷಯ. ಒಬ್ಬ ಹುಡುಗ ಒಬ್ಬ ಹುಡುಗಿಯ ಎದುರು ನಾಚಿ ಮಾತು ತಪ್ಪಿದರೆ ಅದು ಹೆಂಗಸರ ಹಾಳು ಹರಟೆ.

ನಮ್ಮ ಮನೆಗೆ ಬರುವವರೂ ಹೀಗೆಯೇ. ಕಪಾಟಿನಲ್ಲಿರುವ ಇಂಥ ಪುಸ್ತಕಗಳನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಸ್ವಲ್ಪ ತೂಕದ್ದು ಏನಾದ್ರೂ ಓದಬಾರದಾ?" ಎನ್ನುತ್ತಾರೆ. ತೂಕವಂತೆ! ನೀರು ಕುಡಿದ ಹೊದಿಕೆಯ ಗಂಟನ್ನು ಒಮ್ಮೆ ಎತ್ತಿ ನೋಡಲಿ. ದಿನವಿಡೀ ತೂಕ ಹೊತ್ತವರಿಗೆ ತೂಕದ ಪುಸ್ತಕವನ್ನೇ ಕೊಡಬೇಕೆಂಬುದು ಯಾವ ನ್ಯಾಯ? ಬಡವಿಯ ಕಣ್ಣೀರಿನ ಪುಸ್ತಕವನ್ನು ಕಾಲು ಚಾಚಿಕೊಂಡು ಓದಿ ಮೆಚ್ಚುವವರಿಗೆ, ಅದೇ ಬಡವಿ ನಕ್ಕರೆ ಯಾಕೆ ಸಹಿಸಲಾಗುವುದಿಲ್ಲ? ಈ ಸಾಲು ಬರೆಯುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿತು. ಆರಿಸಿ, ಒರೆಸಿ ಬಂದು ಕೂತಿದ್ದೇನೆ. ಹಾಲು ಇಳಿಯಿತು, ಸಿಟ್ಟು ಇಳಿದಿಲ್ಲ.

ಮೂರು ವಾರದ ಮೇಲೆ ಮತ್ತೆ ಹೋದೆವು, ನಾನೂ ಮಗಳೂ. ಲೇಖನ ಬರುವುದೆಂದು ತಿಳಿದ ಮ್ಯಾನೇಜರ್ ಬಾಗಿಲಲ್ಲೇ ನಿಂತು ತಿಳಿಹೇಳಿದರು. "ನೀವು ಹೊರಗಿನವರು, ಏನು ಬೇಕೋ ಕೇಳಿ. ಕೇಳಿದ್ದಕ್ಕೆಲ್ಲ ಇವರು ಉತ್ತರ ಕೊಡಲಿ, ನನ್ನ ಅಭ್ಯಂತರ ಇಲ್ಲ. ನಾಳೆ ಬಾಯಿ ಮುಚ್ಚಿಸಿದ್ರು ಅಂತ ಬರೀಬೇಡಿ. ಆದ್ರೆ ಪುಸ್ತಕ ಇಲ್ಲ, ಇವರಾಗೇ ಕಥೆ ಶುರು ಮಾಡೋದೂ ಇಲ್ಲ." ಇಷ್ಟು ಹೇಳಿಯೂ ಹೋಗಲಿಲ್ಲ. ಅಲ್ಲೇ ಕೈಕಟ್ಟಿ ನಿಂತರು.

ಆರು ಪೆಟ್ಟಿಗೆಗಳೂ ಬಿಸಿಯಾಗಿವೆ. ಕ್ರೇಟಿನ ಮೇಲೆ ಈಗ ಬಟ್ಟೆಗೆ ಹಾಕುವ ಗಂಜಿಪುಡಿಯ ಡಬ್ಬಗಳು. ಗೋಡೆಯಾಚೆಯ ರೇಡಿಯೊ ಬಿಟ್ಟರೆ ಬೇರೆ ದನಿಯಿಲ್ಲ. ಕೆಲಸ ಬೇಗ ಆಗುತ್ತಿದೆಯೇ ಎಂದರೆ ಅದೂ ಇಲ್ಲ. ಕಥೆ ನಿಂತ ಮೇಲೆ ಸಣ್ಣಪುಟ್ಟದಕ್ಕೂ ಕಚ್ಚಾಟವಂತೆ. ಹೊಸ ಹುಡುಗಿ ಅಡುಗೆ ವಿಭಾಗಕ್ಕೆ ಹಾಕಿಕೊಡಿ ಎಂದು ಕೇಳುತ್ತಿದ್ದಾಳೆ. ದೊಡ್ಡಮ್ಮ ಕಣ್ಣು ಬಿಟ್ಟುಕೊಂಡೇ ಮಡಚುತ್ತಾರೆ. "ಏನೂ ಕಾಣಲ್ಲ," ಎಂದರು. ತಪ್ಪು ತನ್ನದೇ ಎಂದು ಅವರು ಎಲ್ಲರೆದುರು ಎರಡು ಸಲ ಹೇಳಿದರು.

"ಬಿಡಿ ದೊಡ್ಡಮ್ಮ, ಆ ಹೆಂಗಸು ನಕ್ಕಳಲ್ಲ," ಎಂದರು ಓದಕ್ಕ.

"ನಿಮಗೇನಾಗಬೇಕು ಈಗ?" ಎಂದು ಕೇಳಿದೆ. ಪುಸ್ತಕ ಮ್ಯಾನೇಜರ ಡ್ರಾಯರಿನಲ್ಲಿ ಬೀಗದೊಳಗಿದೆ. ಅದನ್ನೇ ಕೇಳುತ್ತಾರೆ ಎಂದುಕೊಂಡಿದ್ದೆ.

ಅವರು ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದರು. "ಪುಸ್ತಕ ಅವರೇ ಇಟ್ಕೊಳ್ಳಲಿ. ಸಂಬಳ ಹೆಚ್ಚು ಮಾಡಿ ಅಂತಾನೂ ಕೇಳಲ್ಲ. ಆ ಇಬ್ರು ಇನ್ನೂ ಮೆಟ್ಟಿಲ ಮೇಲೇ ಕೂತಿದಾರಲ್ಲ. ಅವನು ಏನೋ ಹೇಳೋಕೆ ಬಾಯಿ ತೆರೆದಿದ್ದ. ಮನೇಲಿ ಅನ್ನಕ್ಕಿಟ್ಟಾಗಲೂ ಅದೇ ನೆನಪಾಗುತ್ತೆ. ಅವರನ್ನ ಇಳಿಸಬೇಕು ಅಷ್ಟೆ."

"ಮುಂದೇನು ಅಂತ ನಿಮಗೂ ಗೊತ್ತಿಲ್ಲವಲ್ಲ?"

"ಗೊತ್ತಿಲ್ಲ. ಹಾಳೆ ಹರಿದ ಪುಸ್ತಕದಲ್ಲೂ ಗೊತ್ತಿರ್ತಿರಲಿಲ್ಲ." ಒಂದು ಕ್ಷಣ ಮುಖದಲ್ಲಿ ಏನೋ ಹೊಳೆಯಿತು. ಬಾಗಿಲ ಕಡೆ ನೋಡಿದೊಡನೆ ಆರಿತು. "ನಾನಾಗೇ ಶುರು ಮಾಡೋ ಹಾಗಿಲ್ಲ. ನನ್ನೊಬ್ಬಳ ಕೆಲಸ ಆಗಿದ್ರೆ ಬಾಯಿ ಬಿಡ್ತಿದ್ದೆ. ಉಳಿದ ಆರೂ ಜನರದ್ದೂ ಹೋಗುತ್ತೆ."

ಹಬೆ ಎದ್ದು ಟ್ಯೂಬ್‌ಲೈಟನ್ನು ಮುಟ್ಟಿ ಕರಗುತ್ತಿತ್ತು. ನಾನು ಪೆನ್ನು ಮುಚ್ಚಿ, ಮಗಳ ಕೈ ಹಿಡಿದು, "ಏಳು ಪುಟ್ಟ, ಹೋಗೋಣ" ಎಂದೆ. ಅವಳು ಏಳಲಿಲ್ಲ. ಮೂರು ವಾರ ಊಟದ ತಟ್ಟೆಯ ಮುಂದೆ, ಸ್ನಾನದ ಕೋಣೆಯಲ್ಲಿ, ನಿದ್ದೆ ಬರುವ ಮೊದಲು ಅವಳ ಕೆನ್ನೆಯಲ್ಲಿ ಆ ಪ್ರಶ್ನೆ ಹೊರಳುವುದನ್ನು ನೋಡಿದ್ದೆ. ಈಗ ಅವಳು ಬಟ್ಟೆಯ ಗಂಟಿನಿಂದ ಜಾರಿ ಇಳಿದು, ಮ್ಯಾನೇಜರನ್ನೊಮ್ಮೆ ನೋಡಿ, ಓದಕ್ಕನ ಮೇಜಿನವರೆಗೂ ನಡೆದು ಹೋದಳು. ಮೇಜಿನ ಅಂಚಿಗೆ ಗಲ್ಲ ತಾಗಿಸಿದಳು. ದೊಡ್ಡಮ್ಮನ ಕೈ ಅರ್ಧ ಮಡಚಿದಲ್ಲೇ ನಿಂತಿತು, ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

"ಆಮೇಲೆ ಏನಾಯ್ತು?"