ಹೊರಗೆ ನಿಂತವಳ ಪೆಟ್ಟು

ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಬಿಲ್ಲೆ ಬಿದ್ದುಕೊಂಡಿದೆ. ಕೆಂಪು ರಿಬ್ಬನ್ನನ್ನು ಹೂವಿನ ಹಾಗೆ ಮಡಚಿ, ನಡುವೆ ಬಂಗಾರದ ಬಣ್ಣದಲ್ಲಿ ‘ತೀರ್ಪುಗಾರರು’ ಎಂದು ಬರೆದದ್ದು. ಫ್ಯಾನು ತಿರುಗಿದಾಗಲೆಲ್ಲ ಅದರ ಬಾಲ ಪಟಪಟ ಅನ್ನುತ್ತದೆ. ಮೇಲೆ ಕತ್ತರಿ ಇಟ್ಟೆ, ಸುಮ್ಮನಾಯಿತು. ಕತ್ತರಿ ಬೇಕಾಯಿತು, ತೆಗೆದೆ. ಮತ್ತೆ ಪಟಪಟ. ಅದು ಬಂದಾಗಿನಿಂದ ಇದೇ ಕತೆ. ಒಂದು ರವಿಕೆಗೆ ಎರಡೂ ಎಡತೋಳನ್ನೇ ಹೊಲಿದಿಟ್ಟಿದ್ದೇನೆ ಅಂದರೆ ನನ್ನ ತಲೆ ಎಲ್ಲಿದೆ ಅಂತ ನೀವೇ ಅಂದಾಜು ಮಾಡಿ.

ಬಿಲ್ಲೆ ಕೊಟ್ಟುಹೋದವರು ಸಂಡೂರಿನ ಒಂದು ಶಾಲೆಯ ಹೆಡ್‌ಮಾಸ್ತರು. ಅಲ್ಲಿ ಮಕ್ಕಳ ಡೊಳ್ಳು ತಂಡಗಳ ಸ್ಪರ್ಧೆಯಂತೆ. ಹಿಂದೊಮ್ಮೆ ನಾನು ಡೊಳ್ಳು ಬಾರಿಸುತ್ತಿದ್ದೆ ಅಂತ ಅವರಿಗೆ ಯಾರೋ ಕಿವಿಯೂದಿದ್ದಾರೆ.

“ಗುಂಪಿನ ಬಹುಮಾನ ನಾವು ನೋಡ್ಕೊಂತೀವ್ರಿ. ಒಬ್ಬರಿಗೆ ಅಂತ ಕೊಡೋದು ಐತಲ್ರಿ, ಅದನ್ನ ನಿಮ್ಮ ಮ್ಯಾಲ ಬಿಟ್ಟೀವಿ.”

“ಹೆಂಗ ಆರಸ್ಬೇಕ್ರೀ ಸರ?”

“ಅದರಾಗೇನೈತ್ರಿ? ಡ್ರೆಸ್ಸು, ಕುಣಿತ, ನಗುಮುಖ. ಚಂದ ಕಂಡ ಮಗೂಗ ಕೊಟ್ಟುಬಿಡ್ರಿ.”

ಚಹಾ ಕುಡಿದು ಅವರು ನಿಶ್ಚಿಂತೆಯಿಂದ ಹೋದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹತ್ತು ಜನ ಸೇರಿ ಬಾರಿಸಿದ ಸದ್ದಿನಲ್ಲಿ ಒಬ್ಬರನ್ನು ಹೆಕ್ಕಿ ತೆಗೆ ಅನ್ನುವುದು, ಸಾರಿನಲ್ಲಿ ಉಪ್ಪಿನ ಯಾವ ಹರಳು ರುಚಿ ಕೊಟ್ಟಿತು ಎಂದು ಕೇಳಿದ ಹಾಗೆ. ಆದರೂ ಕಂಪ್ಲಿಯಲ್ಲಿ ಒಬ್ಬರು ಡ್ರಿಲ್ ಮಾಸ್ತರು ಅದನ್ನು ಮಾಡಿ ತೋರಿಸಿದ್ದರು. ಅದರ ಏಟು ಬಿದ್ದದ್ದು ನಮ್ಮ ನಿಂಗಮ್ಮನ ಮೇಲೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಕಾಲು ಹೊಲಿಗೆ ಯಂತ್ರ ತುಳಿಯದಿದ್ದರೆ ನೆಲ ತುಳಿಯುತ್ತದೆ. ಹಿಟ್ಟು ನಾದುವಾಗ ಬೆರಳು ಪರಾತದ ಅಂಚಿನಲ್ಲಿ ತಾಳ ಹಾಕುತ್ತದೆ. “ನಿನ್ನ ಪಕ್ಕ ಕುಂತ್ರ ಲಾರಿ ಎಂಜಿನ್ ಮ್ಯಾಲ ಕುಂತಂಗ” ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲೇ ಅಂದಿದ್ದ. ಇಂಥವಳನ್ನು ನೋಡಿಯೇ ನಿಂಗಮ್ಮ ತಂಡಕ್ಕೆ ಎಳೆದುಕೊಂಡಳು. “ಸುಮ್ಮ ಪಾತ್ರಿ ಯಾಕ ಹಾಳ ಮಾಡ್ತೀಯಲೇ, ಡೊಳ್ಳರ ಬಡಿ ಬಾ” ಅಂದಳು.

ನಿಂಗಮ್ಮ ಮರಿಯಮ್ಮನಹಳ್ಳಿಯವಳು. ಹೊಸಪೇಟೆಯಲ್ಲಿ ನಮ್ಮ ಓಣಿಗೆ ಸೊಸೆಯಾಗಿ ಬಂದು, ತೋರಣಗಲ್ಲಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಪಾತಿ ಮಾಡುತ್ತಿದ್ದಳು. ಹೆಂಗಸರ ಡೊಳ್ಳು ತಂಡ ಕಟ್ಟಿದವಳು ಅವಳೇ. ನಮ್ಮಲ್ಲಿ ಅರ್ಧ ಜನ ಕ್ಯಾಂಟೀನಿನವರು, ಉಳಿದವರು ತರಕಾರಿ ಮಾರುವವರು, ಅಂಗನವಾಡಿಯವರು, ನನ್ನಂಥ ಟೇಲರು. ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ ಸಂಜೆ ಅಭ್ಯಾಸ. ಎಲ್ಲರೂ ಸೇರಿದ ದಿನ ಅಂತ ಒಂದಾದರೂ ಇತ್ತೋ ಇಲ್ಲವೋ! ಒಬ್ಬಳಿಗೆ ಶಿಫ್ಟು ಬದಲಾಯಿತು, ಇನ್ನೊಬ್ಬಳ ಕೂಸಿಗೆ ಜ್ವರ, ಮತ್ತೊಬ್ಬಳ ಕಂಪನಿ ಬಸ್ಸು ದಾರಿಯಲ್ಲಿ ಕೆಟ್ಟಿತು.

ಅದಕ್ಕೆ ನಿಂಗಮ್ಮ ಒಂದು ಕಾಯಿದೆ ಮಾಡಿದಳು. “ಬರದಾಕೀ ಪೆಟ್ಟು ನೆಲಕ್ಕ ಬೀಳಬಾರ್ದು.” ಯಾರು ಬರಲಿಲ್ಲವೋ ಅವಳ ಪೆಟ್ಟನ್ನು ಎಡಗಡೆಯವಳು ಅರ್ಧ, ಬಲಗಡೆಯವಳು ಅರ್ಧ ಹಂಚಿಕೊಂಡು ತಮ್ಮ ಪೆಟ್ಟಿನ ಸಂದಿನಲ್ಲಿ ತುಂಬಬೇಕು. ಮೊದಮೊದಲು ಕೈ ಎಡವುತ್ತಿತ್ತು. ಆಮೇಲೆ ಎಷ್ಟು ಹದವಾಯಿತೆಂದರೆ, ನಡುವೆ ಒಬ್ಬಳು ಸೀರೆ ಸರಿಮಾಡಿಕೊಳ್ಳಲು ಕೈಬಿಟ್ಟರೂ ಕೇಳುವವರಿಗೆ ತಿಳಿಯುತ್ತಿರಲಿಲ್ಲ. ನಮಗೆ ಅದೇ ದೊಡ್ಡ ಹೆಮ್ಮೆ.

ನಿಂಗಮ್ಮನ ಅಪ್ಪ ದುರುಗಪ್ಪ ಹಳೆಯ ಡೊಳ್ಳಿನವರು. ಮೊಣಕಾಲು ಹೋದಮೇಲೆ ಬಾರಿಸುವುದು ಬಿಟ್ಟಿದ್ದರು. ಅವರ ಡೊಳ್ಳು ಕಂಬಳಿ ಸುತ್ತಿಕೊಂಡು ಜಂತೆಗೆ ತೂಗುತ್ತಿತ್ತು. ಗಂಡುಮಕ್ಕಳಿಲ್ಲ, ಇದ್ದವಳು ಇವಳೊಬ್ಬಳೇ. ಇವಳು ಕೇಳಿದಾಗಲೆಲ್ಲ “ಹೆಣ್ಣಮಕ್ಕಳ ಹೆಗಲಿಗೆ ಹೊಂದೂದಲ್ಲವ್ವಾ ಅದು” ಅನ್ನುತ್ತಿದ್ದರು. ಅತ್ತ ಬುಕ್ಕಸಾಗರದ ಹುಡುಗರ ತಂಡದವರು ಡೊಳ್ಳು ಕೊಡಿರೆಂದು ಅವರ ಹಿಂದೆ ಬಿದ್ದಿದ್ದರು. ಕಡೆಗೆ ಮಗಳ ಕಾಟ ತಾಳಲಾರದೆ ಅವರು ಒಂದು ಮಾತು ಕೊಟ್ಟರು. “ಕಂಪ್ಲ್ಯಾಗ ಸ್ಪರ್ಧೆ ಐತಂತಲ್ಲ, ಅಲ್ಲಿ ಒಬ್ಬರಿಗಂತ ಕೊಡೋ ಬಹುಮಾನ ತೊಗೊಂಡು ಬಾ. ನಾನ ಕೆಳಗಿಳಿಸಿ ನಿನ್ನ ಹೆಗಲಿಗೆ ಹಾಕ್ತೀನಿ. ಬರಲಿಲ್ಲ, ಬುಕ್ಕಸಾಗರದೋರು ಒಯ್ತಾರ.” ಅಲ್ಲಿಂದ ನಿಂಗಮ್ಮನಿಗೆ ಊಟ ರುಚಿಸಲಿಲ್ಲ. ಅವಳ ಜೊತೆಗೆ ನಮಗೂ.

ಕಂಪ್ಲಿಯ ಒಂದು ರೈಸ್‌ಮಿಲ್ಲಿನ ಕಣದಲ್ಲಿ ಸ್ಪರ್ಧೆ. ನೆಲ್ಲು ಒಣಗಿಸುವ ಸಿಮೆಂಟಿನ ಅಂಗಳ ಕಾದು ಹೆಂಚಾಗಿತ್ತು, ಸುತ್ತ ತೌಡಿನ ವಾಸನೆ. ಮಿಲ್ಲಿನ ಮಾಲೀಕರು “ಬರ್ರಿ, ಕುಂದ್ರಿ, ಮೊದಲ ಮಿರ್ಚಿ ಮಂಡಕ್ಕಿ ತಿನ್ರಿ” ಎಂದು ಎಲ್ಲರನ್ನೂ ಮದುವೆಗೆ ಬಂದವರ ಹಾಗೆ ಉಪಚರಿಸಿದರು. ದುರುಗಪ್ಪನೂ ಬಂದು ನೆಲ್ಲಿನ ಚೀಲದ ಮೇಲೆ ಕೋಲೂರಿ ಕೂತಿದ್ದರು. ಗುಂಪಿನ ಸುತ್ತು ಚೆನ್ನಾಗಿಯೇ ಆಯಿತು. ಆಮೇಲೆ ಮುಖ್ಯ ತೀರ್ಪುಗಾರರಾದ ಆ ಡ್ರಿಲ್ ಮಾಸ್ತರು ಎದ್ದು, ಮೂವರು ತೀರ್ಪುಗಾರರ ಕುರ್ಚಿಗಳನ್ನೂ ಗೋಡೆಯ ಕಡೆ ತಿರುಗಿಸಿ ಹಾಕಿಸಿದರು.

“ಒಂದೊಂದು ತಂಡ ಒಬ್ಬರ ಹೆಸರು ಹೇಳ್ರಿ. ಬಾರಸ್ತಾ ಬಾರಸ್ತಾ ಅವರು ಸುಮ್ಮನ ಹೊರಗ ಹೋಗ್ಬೇಕು. ಹೋಗಿದ್ದು ನಮಗ ಕೇಳಿಸಿದ್ರ ಕೈ ಎತ್ತತೀವಿ. ಇದ್ದಾಗ ಎಲ್ಲಾರೂ ಕೇಳಿಸ್ತಾರ. ಇಲ್ಲದಾಗ ಕೇಳಿಸ್ಬೇಕು, ಅಂಥೋರಿಗೆ ಬಹುಮಾನ.”

ನಿಂಗಮ್ಮನ ಮುಖ ನೋಡಬೇಕಿತ್ತು ನೀವು. ನಮ್ಮನ್ನೆಲ್ಲ ಮೂಲೆಗೆ ಎಳೆದುಕೊಂಡು, “ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಪೆಟ್ಟು ಯಾರೂ ಮುಟ್ಟಬ್ಯಾಡ್ರಿ. ಇವತ್ತೊಂದಿನ ನೆಲಕ್ಕ ಬೀಳ್ಲಿ” ಅಂದಳು. “ಇಲ್ಲವ್ವಾ, ಮುಟ್ಟಂಗಿಲ್ಲ” ಎಂದು ಎಲ್ಲರೂ ತಲೆಯಾಡಿಸಿದೆವು. ತಲೆಯೇನೋ ಒಪ್ಪಿತು. ಕೈ ಒಪ್ಪಬೇಕಲ್ಲ!

ಡೊಳ್ಳು ಏರಿತು. ನಿಂಗಮ್ಮ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಸರಿದಳು. ಅವಳ ಪೆಟ್ಟು ಬೀಳಬೇಕಾದ ಜಾಗ ಬಂತೋ ಇಲ್ಲವೋ, ಎಡಕ್ಕಿದ್ದ ನನ್ನ ಕೈ ಹೋಗಿಬಿಟ್ಟಿತು, ಬಲಕ್ಕಿದ್ದ ತರಕಾರಿ ಹುಲಿಗೆಮ್ಮನದೂ ಹೋಗಿಬಿಟ್ಟಿತು. ಬೇಡ ಬೇಡ ಅಂದುಕೊಂಡಷ್ಟೂ ಕೈ ಇನ್ನೂ ಚೊಕ್ಕವಾಗಿ ತುಂಬುತ್ತಿತ್ತು. ಹೊರಗೆ ನಿಂತ ನಿಂಗಮ್ಮ ಎರಡೂ ಕೈ ಆಡಿಸಿ ಬೇಡ ಅನ್ನುತ್ತಿದ್ದಳು. ಗೋಡೆಗೆ ಮುಖ ಮಾಡಿದ ಮೂವರಲ್ಲಿ ಒಬ್ಬರ ಕೈಯೂ ಮೇಲೇಳಲಿಲ್ಲ. ಅವಳು ಮತ್ತೆ ಒಳಗೆ ಬಂದು ನಿಂತಮೇಲೆ ಡ್ರಿಲ್ ಮಾಸ್ತರು ಹಿಂದೆ ತಿರುಗಿ ಕೇಳಿದರು:

“ಯಾಕವ್ವಾ, ಇನ್ನಾ ಹೋಗಲಿಲ್ಲೇನು?”

ಕಣವೆಲ್ಲ ಗೊಳ್ಳೆಂದು ನಕ್ಕಿತು. ಚೀಲದ ಮೇಲೆ ಕೂತ ದುರುಗಪ್ಪ ಒಬ್ಬರು ಮಾತ್ರ ನಗಲಿಲ್ಲ.

ಗುಂಪಿನ ಮೊದಲ ಬಹುಮಾನ ನಮಗೇ ಬಂತು, ಬಿಂದಿಗೆಯಷ್ಟು ದೊಡ್ಡ ಕಪ್ಪು. ಟೆಂಪೋದಲ್ಲಿ ಅದನ್ನು ಹಿಡಿದುಕೊಳ್ಳುವವರೇ ಇಲ್ಲದೆ ತಿರುವಿಗೊಮ್ಮೆ ಉರುಳಿ ಸದ್ದು ಮಾಡುತ್ತಿತ್ತು. “ನಾನ ಕಲಿಸಿದ್ನಲ್ಲಲೇ ನಿಮಗ. ನನ್ನ ಕೈಯಾರೆ ನನ್ನ ಬಾಯಿಗೆ ಮಣ್ಣು ಹಾಕ್ಕೊಂಡೆ” ಎಂದು ನಿಂಗಮ್ಮ ಅತ್ತಳು. ಡ್ರೈವರನ ಪಕ್ಕ ಕೂತಿದ್ದ ದುರುಗಪ್ಪ ಹಿಂದೆ ತಿರುಗಿ ನೋಡಲಿಲ್ಲ. ನನಗೆ ಎರಡೂ ಕೈಯನ್ನು ಕಿತ್ತು ಕಾಲುವೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ನಿಂಗಮ್ಮ ಅಭ್ಯಾಸಕ್ಕೆ ಬರುವುದನ್ನು ಬಿಟ್ಟಳು. ಮನೆಗೆ ಹೋದರೆ “ನಾನಿಲ್ಲದಿದ್ರೂ ನಡೀತೈತಲ್ಲ, ಹೋಗ್ರಿ” ಅನ್ನುತ್ತಿದ್ದಳು. ನಡೆಯುತ್ತಿತ್ತು ನಿಜ. ಅದೇ ಸಂಕಟ.

ಒಂದು ಸಂಜೆ ನಾವು ಬಾರಿಸುತ್ತಿದ್ದಾಗ ದುರುಗಪ್ಪ ಬಂದರು. ಹೆಗಲ ಮೇಲೆ ಕಂಬಳಿ ಸುತ್ತಿದ ಡೊಳ್ಳು. ಬುಕ್ಕಸಾಗರಕ್ಕೆ ಕೊಡಲು ಹೊರಟು, ಬಸ್ಸು ಬದಲಿಸಲು ಇಳಿದವರು ನಮ್ಮ ಸದ್ದು ಕೇಳಿ ಬಂದಿದ್ದರು. ಕಟ್ಟೆಯ ಮೇಲೆ ಕೂತು ಕೇಳಿದರು.

“ಎಲ್ಲಿ ಅದಾಳ ಆಕಿ?”

“ಬಂದಿಲ್ರೀ.”

“ಬಂದಿಲ್ಲಂದ್ರ ಬಂದಂಗ ಯಾಕ ಕೇಳಸ್ತೈತಿ?”

“ಆಕೀನ ಕಲಿಸ್ಯಾಳ್ರಿ” ಅಂದೆ. “ಬರದಾಕೀ ಪೆಟ್ಟು ನೆಲಕ್ಕ ಬೀಳಬಾರ್ದು ಅಂತ.”

ಅವರು ಕೋಲಿನಿಂದ ನೆಲ ಕೆದರಿದರು. ಆಮೇಲೆ “ಆಕೀ ಜಾಗ ಖಾಲಿ ಬಿಟ್ಟು ಬಾರಸ್ರಿ. ನಾ ಕೇಳ್ಬೇಕು” ಅಂದರು.

ಶುರು ಮಾಡಿದೆವು. ಕೈ ಮತ್ತೆ ಹೋಯಿತು. “ಬ್ಯಾಡ ಅಂದ್ರ ತಿಳಿಯಂಗಿಲ್ಲೇನ್ಲೇ!” ಎಂದು ಅವರು ಗದರಿದರು. ಮತ್ತೆ ಶುರು, ಮತ್ತೆ ತಪ್ಪು. ಆ ಜಾಗ ಬಂದಾಗಲೆಲ್ಲ ಹಲ್ಲು ಕಚ್ಚಿ, ಬಾರಿಸುವ ಕೋಲನ್ನು ಎದೆಗೆ ಅವುಚಿಕೊಂಡು ಹೇಗೋ ತಡೆದೆವು. ಆಗ ಕೇಳಿಸಿತು ನೋಡಿ! ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಡೊಳ್ಳು ದುಡುಮ್ಮನೆ ಹಳ್ಳಕ್ಕೆ ಇಳಿದ ಹಾಗೆ. ನಮ್ಮ ಕಾಲುಗಳೂ ಅಲ್ಲೇ ಮುಗ್ಗರಿಸಿದವು. ಹುಲಿಗೆಮ್ಮ ಬಾರಿಸುತ್ತಲೇ ಅಳಲು ಶುರುಮಾಡಿದಳು.

“ಸಾಕು, ಸಾಕು. ತುಂಬ್ರಿ ಅದನ್ನ” ಅಂದರು ದುರುಗಪ್ಪ. ಆಮೇಲೆ ತಮ್ಮಷ್ಟಕ್ಕೆ, “ಇಷ್ಟು ದೊಡ್ಡದೈತೇನು” ಅಂದುಕೊಂಡರು.

ಎದ್ದು, ಡೊಳ್ಳನ್ನು ಗೋಡೆಗೆ ಒರಗಿಸಿದರು. “ಬುಕ್ಕಸಾಗರದ ಬಸ್ಸು ಹೋತು. ಇದು ಇಲ್ಲೇ ಇರ್ಲಿ, ನಾಳಿ ಬಂದು ಒಯ್ತೀನಿ.” ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರು ಬುಕ್ಕಸಾಗರ ಬುಕ್ಕಸಾಗರ ಎಂದು ಕೂಗುತ್ತಿದ್ದ.

ಮರುದಿನ ಅವರು ಬರಲಿಲ್ಲ. ಸುದ್ದಿ ಮುಟ್ಟಿಸಿದೊಡನೆ ನಿಂಗಮ್ಮ ಓಡಿಬಂದಳು. ಕಂಬಳಿ ಸರಿಸಿ ತೊಗಲಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ ಬೈದಳು: “ಬರೇ ನೆಲದ ಮ್ಯಾಲ ಇಡ್ತಾರೇನ್ಲೇ ಇದನ್ನ, ಥಂಡಿ ಹಿಡಿಯಂಗಿಲ್ಲ?”

ಇಷ್ಟು ಬರೆದಿಟ್ಟು ಸಂಡೂರಿಗೆ ಹೋದೆ. ಹೊರಡುವ ಮುಂಚೆ ನಿಂಗಮ್ಮನಿಗೆ ಫೋನು ಮಾಡಿ, ನೀನೇ ಹೋಗೆಂದು ಗೋಗರೆದೆ. “ನನ್ನನ್ಯಾಕ ಮುಂದ ಮಾಡ್ತೀ? ಹೋಗು. ಕೈ ಮಾತ್ರ ಭದ್ರ ಇಟ್ಕೋ” ಎಂದು ನಕ್ಕಳು.

ಹೆಡ್‌ಮಾಸ್ತರು ಬೇಡವೆಂದರೂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಹಾಕಿಸಿ, ಮಕ್ಕಳಿಗೆ ಕಂಪ್ಲಿಯ ಕಾಯಿದೆಯನ್ನೇ ಹೇಳಿದೆ. ಡೊಳ್ಳು ಶುರುವಾಯಿತು. ನಡುವೆ ಎಲ್ಲೋ ಒಂದು ಮಗು ಹೊರಗೆ ಸರಿದಿರಬೇಕು. ನನ್ನ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಆಗಲೇ ಅದರ ಜಾಗ ತುಂಬುತ್ತಿದ್ದವು, ನನಗೇ ಗೊತ್ತಿಲ್ಲದೆ! ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಗಟ್ಟಿಯಾಗಿ ಕೂತೆ. ಸುತ್ತು ತಿರುಗಿ ಬಂತು. ಆ ಜಾಗ ಬಂತು. ಅಲ್ಲಿ ಏನೂ ಇರಲಿಲ್ಲ.

ಕೈ ಎತ್ತಬೇಕಿತ್ತು. ಕೈಯೆರಡೂ ನನ್ನ ಭಾರದ ಕೆಳಗೇ ಸಿಕ್ಕಿಬಿದ್ದಿದ್ದವು. ಸುಮ್ಮನಿರಲಾರದೆ “ಹೋದ್ಲು! ಹೋದ್ಲು!” ಎಂದು ಕೂಗಿಬಿಟ್ಟೆ. ಕಣ್ಣು ತುಂಬಿ ಎದುರಿನ ಗೋಡೆಯೂ ಕಾಣಲಿಲ್ಲ.

ಬೆನ್ನ ಹಿಂದೆ, ಸಾಲಿನ ಹೊರಗಿನಿಂದ ಗಾಬರಿಗೊಂಡ ಸಣ್ಣ ದನಿಯೊಂದು ಬಂತು.

“ಇಲ್ಲೇ ಅದೀನ್ರಿ ಟೀಚರ್!”