ಗೋಣಿತಾಟು ಹೊಚ್ಚಿದ ಪುಟ

ಆ ಒಂದು ಸಾಲನ್ನು ನಾನು ಪೂಜೆಯ ಸೋಮವಾರವೇ ಅಳಿಸಿದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಅಳಿಸಿದ ನೆನಪೇನೋ ಇದೆ. ಮಧ್ಯಾಹ್ನದ ಬಸ್ಸು, ಕೊಟ್ಟೂರಿನ ಕಂಪ್ಯೂಟರ್ ಕೇಂದ್ರದ ಬಿಸಿಗಾಳಿ, ಮೋಡೆಮ್ಮಿನ ಕಿರುಚಾಟ, ಎಲ್ಲವೂ ಇವೆ. ಆದರೆ ಆ ಮೋಡೆಮ್ಮು ದಿನವೂ ಹಾಗೆಯೇ ಕಿರುಚುತ್ತಿತ್ತು. ಯಾವ ದಿನದ ಸದ್ದನ್ನು ಯಾವ ದಿನಕ್ಕೆ ಅಂಟಿಸಿಕೊಂಡಿದ್ದೇನೆ ಎಂದು ಯಾರು ಹೇಳಬೇಕು?

ಎರಡು ಸಾವಿರದ ಎರಡೋ ಮೂರೋ ಇರಬೇಕು. ಎಂಎಸ್ಸಿ ಮುಗಿಸಿ ಬಂದು ಕೊಟ್ಟೂರಿನ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ವಾರಕ್ಕೆ ಎರಡು ದಿನ ಕೂಡ್ಲಿಗಿಯಲ್ಲೂ ತರಗತಿ. ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವರು, ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆ ಮಾಡುತ್ತಿದ್ದರು. ಕೆಲಸ ಅಚ್ಚುಕಟ್ಟು, ಗಿರಾಕಿ ಕಡಿಮೆ. ಆ ಮುಂಗಾರಿಗೂ ದೊಡ್ಡ ಕೆಲಸ ಸಿಗದಿದ್ದರೆ ವರ್ಕ್‌ಶಾಪ್ ಮುಚ್ಚಿ ಹರಪನಹಳ್ಳಿಯಲ್ಲಿ ಇನ್ನೊಬ್ಬರ ಕೈಕೆಳಗೆ ವೆಲ್ಡಿಂಗಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು.

ಅಷ್ಟರಲ್ಲಿ ಅನಂತಪುರದ ಕಡೆಯ ಒಬ್ಬ ಏಜೆಂಟ್ ಬಂದು ಹೋದ. ಅವನ ಯಜಮಾನರು ಕೃಷಿ ಸಲಕರಣೆಗಳ ದೊಡ್ಡ ವ್ಯಾಪಾರಿ. ಯುಗಾದಿ ಕಳೆದ ಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ಐದು ಮಂದಿ ತಯಾರಕರನ್ನು ಆರಿಸುತ್ತಾರೆ ಎಂದ. ಮಾವ ಮರುದಿನವೇ ನನ್ನ ಮುಂದೆ ಬಂದು ಕೂತರು.

"ಎಂಎಸ್ಸಿ ಸಾಹೇಬ್ರ, ನಿಮ್ಮ ವಿದ್ಯೆ ಈಗರ ಉಪಯೋಗಕ್ಕ ಬರ್ತೈತೇನ್ರಿ?"

ವರ್ಕ್‌ಶಾಪಿಗೆ ಒಂದು ವೆಬ್ ಪುಟ ಮಾಡುವುದೆಂದಾಯಿತು. ಪುಟದ ತಲೆಯಲ್ಲಿ ಓದುವವರಿಗೆ ಕಾಣದ ಕೆಲವು ಸಾಲುಗಳಿರುತ್ತವೆ, ಮೆಟಾ ಟ್ಯಾಗ್ ಎನ್ನುತ್ತಾರೆ, ಹುಡುಕುವ ಯಂತ್ರಗಳು ಅವನ್ನು ಓದುತ್ತವೆ ಎಂದು ವಿವರಿಸಿದೆ. ಅವುಗಳ ಜೊತೆಗೇ ಶೀರ್ಷಿಕೆ ಇರುತ್ತದೆ. ಹುಡುಕಿದವನಿಗೆ ಮೊದಲು ಕಾಣುವುದು ಅದು.

"ಹಂಗಾರ ಮೊದಲ್ನೇ ಸಾಲಿಗೆ ಮನಿದೇವ್ರ ಹೆಸ್ರು ಹಾಕು. ಬಿಲ್ ಬುಕ್ಕಿನಾಗ ಹೆಂಗೈತಿ ನೋಡು, ಮ್ಯಾಲೆ 'ಪ್ರಸನ್ನ' ಅಂತ."

"ಮಾವ, ಅನಂತಪುರದಾಂವ ದೇವ್ರನ್ನ ಹುಡುಕಲ್ರಿ, ಕೂರಿಗಿ ಹುಡುಕ್ತಾನ."

"ದೇವ್ರನ್ನ ಬಿಟ್ಟು ಕೂರಿಗಿ ಹುಡುಕಿದ್ರ ಮಳಿ ಯಾರು ಕೊಡ್ತಾರಲೇ, ನಿಮ್ಮ ಯುನಿವರ್ಸಿಟಿಯವ್ರಾ?"

ಕೊನೆಗೆ ದೇವರ ಸಾಲು ಪುಟದ ಒಳಗೆ ಉಳಿಯಿತು. ಶೀರ್ಷಿಕೆಯಲ್ಲಿ ಟ್ರ್ಯಾಕ್ಟರ್ ಕೂರಿಗೆ ಮತ್ತು ಊರ ಹೆಸರು, ಇಂಗ್ಲಿಷಿನಲ್ಲಿ. ಅದು ನನ್ನ ಗೆಲುವು. ವಿವರಣೆಯ ಟ್ಯಾಗಿನಲ್ಲಿ ಮಾತ್ರ ಸೋತೆ. ನಾನು 'ಆಧುನಿಕ ಕೃಷಿ ಉಪಕರಣಗಳ ಗುಣಮಟ್ಟದ ತಯಾರಕರು' ಎಂಬರ್ಥದ್ದೇನೋ ಬರೆದು, ಕೀಲಿಪದಗಳೆಂದು ನಲವತ್ತು ಶಬ್ದಗಳನ್ನು ತುರುಕಿದ್ದೆ, ಒಂದೇ ಶಬ್ದವನ್ನು ನಾಲ್ಕು ನಾಲ್ಕು ಸಲ. ಅರ್ಥ ಹೇಳಿದಾಗ ಮಾವ ನಕ್ಕರು.

"ಚಿಗಟೇರಿ ರೈತ ನನ್ನ ಹತ್ರ ಬಂದು ಹಿಂಗ ಕೇಳ್ತಾನೇನು?"

"ಮತ್ತ ಹೆಂಗ ಕೇಳ್ತಾನ್ರಿ?"

"ಶೇಂಗಾ ಬಿತ್ತಬೇಕು, ಟ್ರ್ಯಾಕ್ಟರಿಗೆ ಕಟ್ಟೋದು, ಒಂಬತ್ತು ತಾಳಿಂದು ಐತೇನು ಅಂತಾನ. ಅಷ್ಟ."

ತಾಳೆಂದರೆ ನೆಲ ಸೀಳಿ ಬೀಜ ಬಿಡುವ ಕೊಳವೆ. ಅಷ್ಟನ್ನೇ ಎರಡು ಸಾಲಿನ ಇಂಗ್ಲಿಷಿಗೆ ತಂದೆ. ಕೀಲಿಪದ ಏಳಕ್ಕೆ ಇಳಿಯಿತು. ಹುಡುಕುವವನು ಕೇಳುವ ಮಾತನ್ನೇ ಬರೆಯಬೇಕು ಎಂಬುದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿಕೊಟ್ಟವರು ಇಂಟರ್ನೆಟ್ಟನ್ನೇ ಕಾಣದ ಮನುಷ್ಯ.

ಆಮೇಲೆ ಬಂದದ್ದು ಪೂಜೆಯ ಮಾತು. ಮಾವನ ವರ್ಕ್‌ಶಾಪಿನಲ್ಲಿ ಹೊಸ ಕೂರಿಗೆ ಸಿದ್ಧವಾದರೆ ಗೋಣಿತಾಟು ಹೊಚ್ಚಿಡುತ್ತಿದ್ದರು. ಪೂಜೆಯಾಗಿ ಕಾಯಿ ಒಡೆಯುವ ತನಕ ಹೊರಗಿನವರ ಕಣ್ಣಿಗೆ ಬೀಳಬಾರದು. ಪುಟಕ್ಕೂ ಅದೇ ನಿಯಮ. ನಡುವೆ ಅಮಾವಾಸ್ಯೆ ಬೇರೆ. ಒಳ್ಳೆಯ ದಿನ ಸಿಕ್ಕಿದ್ದು ಅದು ಕಳೆದ ಮೇಲಿನ ಸೋಮವಾರ. ಆದರೆ ನಾನು ಪುಟವನ್ನು ಆಗಲೇ ಸರ್ವರಿಗೆ ಏರಿಸಿ ಚಿತ್ರಗಳು ಬರುತ್ತವೋ ಇಲ್ಲವೋ ಎಂದು ನೋಡುತ್ತಿದ್ದೆ. ಹುಡುಕುವ ಯಂತ್ರಗಳಿಗೆ ವಿಳಾಸವನ್ನೂ ಕೊಟ್ಟಾಗಿತ್ತು.

"ಯಾರಾದ್ರೂ ಹುಡುಕಿದ್ರ ಸಿಗ್ತೈತೇನು?"

"ಸಿಗಬಹುದ್ರಿ."

"ಹೊಚ್ಚು ಮತ್ತ."

ಹೊಚ್ಚಲು ಬೇಕಾದದ್ದು ಇನ್ನೊಂದು ಮೆಟಾ ಟ್ಯಾಗ್. ಈ ಪುಟವನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ ಎಂದು ಯಂತ್ರಗಳಿಗೆ ಹೇಳುವ ಒಂದೇ ಸಾಲು. ಮನಸ್ಸಿನಲ್ಲೇ ನಗುತ್ತಾ ಅದನ್ನು ಸೇರಿಸಿದೆ.

ಸೋಮವಾರ ಪೂಜೆಯಾಯಿತು. ಪುಟವನ್ನು ಕಾಗದದ ಮೇಲೆ ಮುದ್ರಿಸಿ ಒಯ್ದಿದ್ದೆ. ಅದನ್ನು ವೆಲ್ಡಿಂಗ್ ಯಂತ್ರಕ್ಕೆ ಒರಗಿಸಿ, ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿದರು. ಅಕ್ಕ ಹೋಳಿಗೆ ಮಾಡಿದ್ದಳು. ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಇಲ್ಲಿಂದ ಮುಂದೆ ನನ್ನದು ನನಗೆ ಮಾತ್ರ. ಊಟ ಮಾಡಿ ಬಸ್ಸು ಹಿಡಿದು ಕೊಟ್ಟೂರಿಗೆ ಬಂದೆ, ಸಾಲು ಅಳಿಸಿದೆ, ಪುಟವನ್ನು ಮತ್ತೆ ಏರಿಸಿದೆ.

ಮರುದಿನದಿಂದ ಕಾಯುವ ಕೆಲಸ. ದಿನಕ್ಕೆ ಮೂರು ಸಲ ಹುಡುಕುತ್ತಿದ್ದೆ. ಪಂಜಾಬಿನ ತಯಾರಕರು, ಗುಜರಾತಿನವರು, ಯಾವುದೋ ದೇಶದವರು ಬರುತ್ತಿದ್ದರು. ನಾವಿಲ್ಲ. ಎರಡನೆಯ ಪುಟ, ಐದನೆಯ ಪುಟ, ಹತ್ತನೆಯದು. ಪಾಠದ ನಡುವೆ ಎದ್ದು ಹೋಗಿ ನೋಡುತ್ತಿದ್ದೆ. ಸಂಜೆಯಾದರೆ ಮಾವನ ಫೋನು.

"ಬಂತೇನಪ್ಪಾ?"

"ಯಂತ್ರ ಬಂದು ಓದಿಕೊಂಡು ಹೋಗ್ಬೇಕ್ರಿ ಮಾವ. ವಾರಗಟ್ಟಲೆ ಹಿಡೀತೈತಿ."

"ಅದಕ್ಕ ನಮ್ಮೂರಿನ ದಾರಿ ಗೊತ್ತೈತೋ ಇಲ್ಲೋ!"

ಎರಡನೆಯ ವಾರ ಆ ನಗೆಯೂ ನಿಂತಿತು. ಬರೇ "ಬಂತಾ?" ಎನ್ನುತ್ತಿದ್ದರು. ಅವರ ಹಿಂದೆ ಗ್ರೈಂಡರಿನ ಸದ್ದೂ ಇರುತ್ತಿರಲಿಲ್ಲ.

ಒಂದು ದಿನ ಕೇಳಿದರು: "ಏಜೆಂಟನ ಊರಿಗೆ ಒಂದು ಕಾರ್ಡ್ ಬರೆದು ನಮ್ಮ ಪುಟದ ವಿಳಾಸ ತಿಳಿಸಿಬಿಡ್ಲೇನು?"

ಬೇಡ ಎಂದವನು ನಾನು. "ನಾವಾಗೇ ಹೋಗಿ ಬಾಗ್ಲು ಬಡಿದ್ರ ಬೆಲಿ ಇರಲ್ರಿ. ಅವ್ರ ಹುಡುಕಿಕೊಂಡು ಬರ್ಲಿ." ಈ ಮಾತು ನೆನಪಿನಲ್ಲಿ ಮಸುಕಾಗಿದ್ದರೆ ಚೆನ್ನಾಗಿತ್ತು. ಆಗಿಲ್ಲ.

ಮೂರನೆಯ ವಾರದ ಕೊನೆಗೆ ಮಾವ ತಡೆಯಲಾರದೆ ಏಜೆಂಟನಿಗೇ ಫೋನು ಮಾಡಿದರು. ಆಮೇಲೆ ಬಸ್ಸು ಹತ್ತಿ ಕೊಟ್ಟೂರಿಗೆ ಬಂದರು. ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೂರದೆ, ನಿಂತೇ ಹೇಳಿದರು.

"ಹುಡುಕಿದ್ರಂತ. ಐದು ಮಂದೀನ ಆರಿಸ್ಯಾರಂತ. ನಮ್ದು ಕಾಣ್ಲಿಲ್ಲಂತ."

ಅವರು ಕಂಪ್ಯೂಟರಿನ ಕಡೆ ನೋಡಿದರು. "ದೇವ್ರ ಹೆಸ್ರು ಮೊದಲ್ನೇ ಸಾಲಿಗೆ ಹಾಕಿದ್ರ ಸಿಗ್ತಿತ್ತೇನೋ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಂತ್ರಕ್ಕೆ ಭಕ್ತಿ ಇಲ್ಲ, ಶೀರ್ಷಿಕೆ ಸರಿಯಾಗಿಯೇ ಇತ್ತು, ಯಂತ್ರ ಬರುವುದು ತಡವಾದರೆ ನಾನೇನು ಮಾಡಲಿ ಎಂದು ಒಂದೇ ಸಮನೆ ವಾದಿಸಿದೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು. ಅಷ್ಟು ವಾದಿಸುವ ಅಗತ್ಯ ಯಾಕೆ ಬಿತ್ತು ಎಂದು ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಶ್ರಾವಣಕ್ಕೆ ವರ್ಕ್‌ಶಾಪ್ ಮುಚ್ಚಿತು. ಮಾವ ಹರಪನಹಳ್ಳಿಗೆ ಹೋದರು. ಅಲ್ಲಿಯೂ ಕೂರಿಗೆಯನ್ನೇ ಮಾಡಿದರು, ಬೇರೆಯವರ ಹೆಸರಿನಲ್ಲಿ.

ಎಷ್ಟೋ ವರ್ಷಗಳ ಮೇಲೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಆ ಪೂಜೆಯ ಮಾತು ಬಂತು. ಅಂದು ಮಧ್ಯಾಹ್ನದ ಬಸ್ಸಿಗೆ ಎಷ್ಟು ಗಡಿಬಿಡಿಯಲ್ಲಿ ಓಡಿದೆ ಎಂದು ನಾನು ಹೇಳುತ್ತಿದ್ದೆ. ಅಕ್ಕ ಬಡಿಸುವುದನ್ನು ನಿಲ್ಲಿಸಿದಳು.

"ಯಾವ ಬಸ್ಸಲೇ? ಆರು ಹೋಳಿಗಿ ತಿಂದು ಇಲ್ಲೇ ಬಿದ್ದುಕೊಂಡಿದ್ದಿ. ಮುಂಜಾನಿ ಎದ್ದು ಹಂಗ ಕೂಡ್ಲಿಗಿಗೆ ಹೋದಿ, ಕ್ಲಾಸ್ ಐತಿ ಅಂತ."

"ಇಲ್ಲಕ್ಕಾ, ನಾ ಕೊಟ್ಟೂರಿಗೆ ಹೋಗಿದ್ದೆ."

"ಹೋಗಿದ್ರ ಹೋಗಿದ್ದಿ ಬಿಡು. ನನಗೇನು, ನಿನ್ನಷ್ಟು ಓದಿಲ್ಲ."

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅಕ್ಕನ ನೆನಪೂ ನೆನಪೇ, ನಂಬಲೇಬೇಕೆಂದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಾಲು ಅಳಿಸಿದ್ದರೂ ಅಷ್ಟರೊಳಗೆ ಯಂತ್ರ ಮತ್ತೆ ಬರುತ್ತಿತ್ತೆಂಬ ಖಾತ್ರಿ ಏನು ಎಂದೂ ಕೇಳಿಕೊಂಡೆ. ಆದರೆ ಪರೀಕ್ಷಿಸಬಹುದಾದದ್ದು ಒಂದಿತ್ತು. ಪುಟ ಏರಿಸುವ ಕೆಲಸವನ್ನು ನಾನು ಕೊಟ್ಟೂರಿನ ಒಂದೇ ಕಂಪ್ಯೂಟರಿನಿಂದ ಮಾಡುತ್ತಿದ್ದೆ, ಏರಿಸಿದಾಗಲೆಲ್ಲ ಅದರ ತಂತ್ರಾಂಶ ದಿನ ಮತ್ತು ಗಂಟೆಯನ್ನು ತಾನಾಗಿಯೇ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಕೇಂದ್ರ ಮುಚ್ಚಿದಾಗ ಅದರ ಫೈಲುಗಳನ್ನೆಲ್ಲ ಒಂದು ಸಿಡಿಗೆ ಇಳಿಸಿಕೊಂಡಿದ್ದೆ. ಹುಡುಕಿ ತೆಗೆದು, ಪಂಚಾಂಗದಲ್ಲಿ ಆ ಸೋಮವಾರದ ತಾರೀಖು ನೋಡಿಕೊಂಡು, ಎರಡು ಸಲ ಓದಿದೆ. ಆ ಸೋಮವಾರ ಕೊಟ್ಟೂರಿನಿಂದ ಯಾವ ಪುಟವೂ ಏರಿಲ್ಲ. ಮುಂದಿನ ನಮೂದು ಇಪ್ಪತ್ತಮೂರು ದಿನಗಳ ನಂತರದ್ದು, ಮಾವ ಕೊಟ್ಟೂರಿಗೆ ಬಂದು ಹೋದ ಮೇಲಿನದು.